ಗನ್ ಆಮೇಲೆ, ಮಾಸ್ಕ್ ಮೊದಲು: ಮಕ್ಕಳನ್ನ ಪೇಂಟ್‌ಬಾಲ್‌ಗೆ ಕರ್ಕೊಂಡು ಹೋಗೋ ಮುಂಚೆ

(ಪಾಡ್‌ಕಾಸ್ಟ್ ಸಂಚಿಕೆಯ ಪಠ್ಯರೂಪ)

ಬಸ್ಸಲ್ಲಿ ಇಯರ್‌ಫೋನ್ ಹಾಕ್ಕೊಂಡು ಕೂತಿರೋರಿಗೆ, ಮನೇಲಿ ಅಡಿಕೆ ಸುಲೀತಾ ಕೇಳ್ತಿರೋರಿಗೆ, ಕೇಳೋಕೆ ಪುರುಸೊತ್ತಿಲ್ದೆ ಇದನ್ನ ಫೋನಲ್ಲಿ ಓದ್ತಿರೋರಿಗೆ, ಎಲ್ರಿಗೂ ಸ್ವಾಗತ.

ಶಿರಾಳಕೊಪ್ಪದ ಕೇಳುಗರೊಬ್ಬರು ಒಂದು ವಾಯ್ಸ್ ನೋಟ್ ಕಳ್ಸಿದ್ರು. ಅವರ ಮಗನಿಗೆ ಏಳು ವರ್ಷ. ರಜೇಲಿ ಬೆಂಗಳೂರಿಗೆ ಹೋದಾಗ ಚಿಕ್ಕಪ್ಪನ ಮಕ್ಕಳ ಜೊತೆ ಪೇಂಟ್‌ಬಾಲ್ ಆಡ್ಲೇಬೇಕು ಅಂತ ಹಟ ಹಿಡ್ದಿದಾನಂತೆ. "ಬಣ್ಣದ ಗುಂಡು ತಾನೇ, ಏನಾಗುತ್ತೆ ಅಂತ ನಮ್ಮನೆಯವ್ರು ಅಂತಾರೆ. ನಂಗ್ಯಾಕೋ ಭಯ. ಕರ್ಕೊಂಡು ಹೋಗ್ಲಾ, ಬೇಡ್ವಾ?" ಇಷ್ಟೇ ಪ್ರಶ್ನೆ. ಉತ್ತರ ಸ್ವಲ್ಪ ಉದ್ದ ಇದೆ. ಅದಕ್ಕೇ ಇಡೀ ಸಂಚಿಕೆ.

ಈ ಪ್ರಶ್ನೆ ಇವತ್ತು ಬರೀ ಬೆಂಗಳೂರಿನೋರದ್ದಲ್ಲ. ನಮ್ಮ ಶಿಕಾರಿಪುರ, ಸೊರಬದ ಬಹಳಷ್ಟು ಮನೆಗಳಿಂದ ಒಬ್ರಾದ್ರೂ ಬೆಂಗಳೂರಲ್ಲಿ ಇದಾರೆ. ರಜೆ ಬಂತು ಅಂದ್ರೆ ಮಕ್ಕಳು ಅಲ್ಲಿಗೆ, ಹಬ್ಬ ಬಂತು ಅಂದ್ರೆ ಅವರು ಇಲ್ಲಿಗೆ. ಊರ ಹೊರಗಿನ ರೆಸಾರ್ಟು, ಬರ್ತ್‌ಡೇ ಪಾರ್ಟಿ, ಕಂಪನಿಯವರ ಫ್ಯಾಮಿಲಿ ಡೇ, ಎಲ್ಲ ಕಡೆ ಪೇಂಟ್‌ಬಾಲ್ ಇದೆ. ಮಕ್ಕಳಂತೂ ರೀಲ್ಸಲ್ಲಿ ನೋಡಿ ರೆಡಿಯಾಗೇ ಇರ್ತಾರೆ.

ಮೊದ್ಲೇ ಹೇಳಿಬಿಡ್ತೀನಿ, ನಾನು ಈ ಆಟದ ವಿರೋಧಿ ಅಲ್ಲ. ಆಡಿದೀನಿ, ಮಜಾ ಇದೆ. ಅಡಗಿಕೊಳ್ಳೋದು, ಓಡೋದು, ತಂಡದವರಿಗೆ ಸನ್ನೆ ಮಾಡೋದು, ಮೈಯೆಲ್ಲ ಬಣ್ಣ ಮಾಡ್ಕೊಂಡು ನಗೋದು. ಫೋನ್ ಬಿಟ್ಟು ಮಕ್ಕಳು ಮಣ್ಣಲ್ಲಿ ಓಡೋ ಯಾವ ಆಟಕ್ಕೂ ನನ್ನ ಓಟು. ನಾನು ಹೇಳೋದು ಇಷ್ಟೇ: ಪೇಂಟ್‌ಬಾಲ್‌ನಲ್ಲಿ ಮಗುಗೆ ಮೊದಲು ಕಲಿಸ್ಬೇಕಾಗಿರೋದು ಗುರಿ ಇಡೋದಲ್ಲ, ಮಾಸ್ಕ್ ತೆಗೀದೇ ಇರೋದು. ಅದು ಬಂದಿಲ್ಲ ಅಂದ್ರೆ ಆ ಮಗುಗೆ ಇನ್ನೂ ಪೇಂಟ್‌ಬಾಲ್ ಬೇಡ. ಬಂದಿದೆ ಅಂದ್ರೆ ಉಳಿದದ್ದು ದೊಡ್ಡ ವಿಷಯ ಅಲ್ಲ.

ಒಂದು ಗುಂಡಿನ ಲೆಕ್ಕ

ನಾನು ಬಿ.ಕಾಂ. ಮಾಡಿದೋಳು, ಭೌತಶಾಸ್ತ್ರ ನನ್ನ ವಿಷಯ ಅಲ್ಲ. ಆದ್ರೆ ಲೆಕ್ಕ ಬರುತ್ತೆ.

ಪೇಂಟ್‌ಬಾಲ್ ಗುಂಡು ಅಂದ್ರೆ ಜೆಲಾಟಿನ್ ಸಿಪ್ಪೆಯ ಒಂದು ಉಂಡೆ. ಒಳಗೆ ನೀರಲ್ಲಿ ತೊಳೆದ್ರೆ ಹೋಗೋ ಬಣ್ಣ. ಔಷಧಿ ಕ್ಯಾಪ್ಸೂಲ್ ಇರುತ್ತಲ್ಲ, ಅದರ ಅಣ್ಣ ಅನ್ಕೊಳ್ಳಿ. ಮಾಮೂಲಿ ಗುಂಡಿನ ಅಡ್ಡಗಲ 0.68 ಇಂಚು, ಅಂದ್ರೆ 17 ಮಿಲಿಮೀಟರ್ ಚಿಲ್ಲರೆ. ತೂಕ ಸುಮಾರು 3 ಗ್ರಾಂ. ವೇಗಕ್ಕೆ ಸಾಮಾನ್ಯವಾಗಿ ಇಟ್ಕೊಂಡಿರೋ ಮಿತಿ ಸೆಕೆಂಡಿಗೆ 300 ಅಡಿ, ಅನೇಕ ಮೈದಾನಗಳಲ್ಲಿ 280 ಅಥವಾ ಅದಕ್ಕಿಂತ ಕಡಿಮೆ. ಸೆಕೆಂಡಿಗೆ 280 ಅಡಿಯನ್ನ ನಮ್ಮ ಬೈಕ್ ಮೀಟರ್ ಭಾಷೆಗೆ ತಂದ್ರೆ ಗಂಟೆಗೆ 300 ಕಿಲೋಮೀಟರ್ ದಾಟುತ್ತೆ. ಹೌದು, 300. "ಬಣ್ಣದ ಗುಂಡು ತಾನೇ" ಅನ್ನೋರಿಗೆ ಈ ಒಂದು ಅಂಕಿ ಹೇಳಿ ಸಾಕು.

ಬೆನ್ನಿಗೆ ಬಿದ್ರೆ ಕೆಂಪಗಾಗುತ್ತೆ, ಕೆಲವು ಸಲ ದುಂಡಗೆ ನೀಲಿಗಟ್ಟುತ್ತೆ, ಕೆಲವು ದಿನಕ್ಕೆ ಹೋಗುತ್ತೆ. ನಿಜವಾದ ಸಮಸ್ಯೆ ಕಣ್ಣು.

ಕಣ್ಣಿನ ಸುತ್ತ ಮೂಳೆಯ ಒಂದು ಗೂಡು ಇದೆ. ಮೇಲೆ ಹುಬ್ಬಿನ ಮೂಳೆ, ಕೆಳಗೆ ಕೆನ್ನೆಯ ಮೂಳೆ. ಆ ಗೂಡಿನ ಬಾಯಿ ದೊಡ್ಡವರಲ್ಲಿ ಸುಮಾರು 4 ಸೆಂಟಿಮೀಟರ್ ಅಗಲ. ಕ್ರಿಕೆಟ್ ಚೆಂಡಿನ ಅಡ್ಡಗಲ 7 ಸೆಂಟಿಮೀಟರ್. ಅದು ಮುಖಕ್ಕೆ ಬಿದ್ರೆ ಪೆಟ್ಟಿನ ಬಹುಪಾಲನ್ನ ಮೂಳೆ ತಡ್ಕೊಳ್ಳುತ್ತೆ. 17 ಮಿಲಿಮೀಟರಿನ ಪೇಂಟ್‌ಬಾಲ್‌ಗೆ ಆ ಅಡ್ಡಿ ಇಲ್ಲ, ಮೂಳೆಗೆ ತಾಗದೆ ಸೀದಾ ಒಳಗೆ ಹೋಗಿ ಕಣ್ಣುಗುಡ್ಡೆಗೇ ಬಡಿಯುತ್ತೆ. ಕಣ್ಣೊಳಗೆ ರಕ್ತ ತುಂಬ್ಕೊಳ್ಳೋದು, ರೆಟಿನಾ ಕಿತ್ತು ಬರೋದು, ಚಿಕ್ಕ ವಯಸ್ಸಿಗೇ ಪೊರೆ ಬರೋದು, ಗುಡ್ಡೆಯೇ ಒಡೆಯೋದು, ಇವೆಲ್ಲ ವೈದ್ಯರು ದಾಖಲಿಸಿರೋ ಸಂಗತಿಗಳು. ಅಮೆರಿಕದ ಮಿಯಾಮಿಯ ಬ್ಯಾಸ್ಕಂ ಪಾಮರ್ ಕಣ್ಣಿನ ಸಂಸ್ಥೆಯ ವೈದ್ಯರು ಪೇಂಟ್‌ಬಾಲ್ ಏಟು ತಿಂದ 36 ಜನರ ವಿವರ 2009ರಲ್ಲಿ ಪ್ರಕಟಿಸಿದ್ರು. ಏಟು ಬಿದ್ದ ಹೊತ್ತಲ್ಲಿ ಅವರಲ್ಲಿ ಹೆಚ್ಚುಕಡಿಮೆ ಯಾರೂ ಕಣ್ಣಿಗೆ ರಕ್ಷಣೆ ಹಾಕಿರ್ಲಿಲ್ಲ.

ಇದರಲ್ಲಿ ಹೆದರಿಸೋ ಮಾತೂ ಇದೆ, ಧೈರ್ಯದ ಮಾತೂ ಇದೆ. ಮಾಸ್ಕ್ ಸರಿಯಾಗಿದ್ರೆ, ಅದು ಮುಖದ ಮೇಲೇ ಇದ್ರೆ, ಈ ಆಟದ ದೊಡ್ಡ ಅಪಾಯ ಹೆಚ್ಚುಕಡಿಮೆ ಮುಗೀತು. ಹಾಗಾದ್ರೆ ಮಾಸ್ಕ್ ಯಾವಾಗ ಕೆಳಗೆ ಬರುತ್ತೆ? ಸೆಕೆ ಆದಾಗ. ಒಳಗೆ ಮಂಜು ಕಟ್ಟಿ ಏನೂ ಕಾಣದಾಗ. ಆಟ ಮುಗೀತು ಅಂತ ತಪ್ಪು ತಿಳ್ಕೊಂಡಾಗ. ಫೋಟೋಗೆ ನಿಂತಾಗ. ಈಗ ಯೋಚ್ನೆ ಮಾಡಿ, ಏಳು ವರ್ಷದ ಮಗು ಈ ನಾಲ್ಕರಲ್ಲಿ ಯಾವುದನ್ನ ಮಾಡಲ್ಲ?

ಇದು ನಮಗೆ ಹೊಸದಲ್ಲ

ನಮ್ಮ ಕಡೆಯವರಿಗೆ ಈ ಪಾಠ ಮೊದಲಿನಿಂದ ಗೊತ್ತು, ಹೆಸರು ಬೇರೆ ಅಷ್ಟೇ. ದೀಪಾವಳಿ ಮುಗೀತಿದ್ದಂಗೆ ಶಿಕಾರಿಪುರ, ಸೊರಬದ ಹಳ್ಳಿಗಳಲ್ಲಿ ಹೋರಿ ಹಬ್ಬ ಶುರು. ಬಲೂನು, ಜೂಲು, ಕೊಬ್ಬರಿ ಹಾರ ಕಟ್ಕೊಂಡ ಹೋರಿ ಅಖಾಡದಲ್ಲಿ ಬರುತ್ತೆ, ಹುಡುಗ್ರು ಕೊಬ್ಬರಿಗೆ ಕೈ ಹಾಕ್ತಾರೆ. ಹೋರಿಗೆ ಹೆಸರು, ಹೆಸರಿಗೆ ಅಭಿಮಾನಿಗಳು, ಅಭಿಮಾನಿಗಳಿಗೆ ಟೀ ಶರ್ಟು. ನಾವೆಲ್ಲ ಅದನ್ನ ನೋಡ್ಕೊಂಡೇ ಬೆಳೆದೋರು.

ನಮ್ಮನ್ನ ಹೆಂಗೆ ಬೆಳೆಸಿದ್ರು ನೆನಪು ಮಾಡ್ಕೊಳ್ಳಿ. ಮೂರು ವರ್ಷ ಇದ್ದಾಗ ಮನೆ ಮಾಳಿಗೆ ಮೇಲೆ, ಅಪ್ಪನ ಹೆಗಲ ಮೇಲೆ. ಏಳೆಂಟಕ್ಕೆ ಟ್ರ್ಯಾಕ್ಟರ್ ಟ್ರೇಲರ್ ಮೇಲೆ, ದೊಡ್ಡವರ ಕೈ ಹಿಡ್ಕೊಂಡು. ಇನ್ನೂ ದೊಡ್ಡವರಾದ ಮೇಲೆ ಬೇಲಿ ಹಿಂದೆ. ಹೋರಿ ಕಿವಿ ಹೆಂಗೆ ನಿಲ್ಸುತ್ತೆ, ಯಾವ ಕಡೆ ತಿರುಗುತ್ತೆ, ಯಾವಾಗ ಜಾಗ ಬಿಡ್ಬೇಕು, ಇದನ್ನೆಲ್ಲ ವರ್ಷಗಟ್ಟಲೆ ನೋಡಿ ನೋಡಿ ಕಲಿತ ಮೇಲೆ ಅಖಾಡಕ್ಕೆ ಇಳಿಯೋ ಮಾತು. ಯಾರೂ ಮೊದಲನೇ ದಿನವೇ ಮಗುನ ಹೋರಿ ಮುಂದೆ ನಿಲ್ಸಲ್ಲ.

ಆ ಕ್ರಮ ತಪ್ಪಿದಾಗ ಏನಾಗುತ್ತೆ ಅಂತಾನೂ ನಮಗೆ ಗೊತ್ತು. ಶಿವಮೊಗ್ಗ, ಹಾವೇರಿ ಜಿಲ್ಲೆಗಳಲ್ಲಿ ಹೋರಿ ಹಬ್ಬದಲ್ಲಿ ಜೀವಗಳು ಹೋಗಿವೆ. ಓಡೋರು ಮಾತ್ರ ಅಲ್ಲ, ನೋಡೋಕೆ ನಿಂತವರೂ ಸತ್ತಿದಾರೆ. ಬೇಲಿ ಇದ್ರೆ ಸಾಲಲ್ಲ, ಬೇಲಿ ಗಟ್ಟಿ ಇರ್ಬೇಕು, ನಾವು ಅದರ ಸರಿಯಾದ ಕಡೆ ಇರ್ಬೇಕು.

ಪೇಂಟ್‌ಬಾಲ್‌ನಲ್ಲಿ ಆ ಬೇಲಿ ಮುಖದ ಮೇಲೆ ಇರುತ್ತೆ. ಆದ್ರೆ ಅಲ್ಲಿ ನಾವು ಮೊದಲನೇ ದಿನವೇ, ದುಡ್ಡು ಕೊಟ್ಟು ಹತ್ತು ನಿಮಿಷದಲ್ಲಿ, ಮಗುನ ಅಖಾಡದ ಮಧ್ಯಕ್ಕೆ ಬಿಟ್ಟುಬಿಡ್ತೀವಿ.

ಯಾವ ವಯಸ್ಸಿಗೆ ಏನು

ಎಲ್ಲ ದೇಶಕ್ಕೂ ಒಂದೇ ನಿಯಮ ಇಲ್ಲ. ಜರ್ಮನಿಯಲ್ಲಿ ಮಾಮೂಲಿ ಪೇಂಟ್‌ಬಾಲ್‌ಗೆ 18 ತುಂಬಿರ್ಬೇಕು. ಅಮೆರಿಕದ ಅನೇಕ ಮೈದಾನಗಳಲ್ಲಿ 10 ವರ್ಷದಿಂದ ಬಿಡ್ತಾರೆ. ಚಿಕ್ಕ ಮಕ್ಕಳಿಗೆ ಅಂತಾನೇ ಕಡಿಮೆ ಪೆಟ್ಟಿನ ಇನ್ನೊಂದು ಬಗೆ ಇದೆ. ಅದರ ಗುಂಡು 0.50 ಇಂಚು, ತೂಕ ಒಂದು ಗ್ರಾಂ ಚಿಲ್ಲರೆ. ಪೆಟ್ಟಿನ ಜೋರು ದೊಡ್ಡದರ ಅರ್ಧಕ್ಕಿಂತ ಕಡಿಮೆ. ಕೈಯಲ್ಲಿ ಎಳೆದು ಬಿಡೋ ಸ್ಪ್ರಿಂಗ್ ಗನ್ ಬರುತ್ತೆ, ಗ್ಯಾಸ್ ಸಿಲಿಂಡರ್ ಇರಲ್ಲ, ಒಂದು ಸಲಕ್ಕೆ ಒಂದೇ ಗುಂಡು. ಇದನ್ನ ಸಾಮಾನ್ಯವಾಗಿ 8 ವರ್ಷದಿಂದ ಮೇಲಿನ ಮಕ್ಕಳಿಗೆ ಕೊಡ್ತಾರೆ.

ಒಂದು ಎಚ್ಚರಿಕೆ. ಸಣ್ಣ ಗುಂಡು ಮೈಗೆ ಕಡಿಮೆ ನೋವು, ನಿಜ. ಕಣ್ಣಿಗೆ ಅದೇ ಮಾತು ಹೇಳೋಕಾಗಲ್ಲ. ಹದಿನೇಳು ಮಿಲಿಮೀಟರ್ ನುಗ್ಗೋ ಕಡೆ ಹದಿಮೂರು ಇನ್ನೂ ಸಲೀಸಾಗಿ ನುಗ್ಗುತ್ತೆ. "ಇದು ಮಕ್ಕಳ ಗನ್, ಮಾಸ್ಕ್ ಬೇಕಿಲ್ಲ" ಅಂತ ಯಾರಾದ್ರೂ ಅಂದ್ರೆ ಅಲ್ಲಿಂದಲೇ ವಾಪಸ್ ಬನ್ನಿ. ಜಾತ್ರೇಲಿ ಸಿಗೋ ಪ್ಲಾಸ್ಟಿಕ್ ಗುಂಡಿನ ಪಿಸ್ತೂಲು, ಆನ್‌ಲೈನಲ್ಲಿ ತರಿಸೋ ಜೆಲ್ ಗುಂಡಿನ ಗನ್, ಇವಕ್ಕೂ ಇದೇ ಮಾತು. ಇವು ಬೆಂಗಳೂರಿಗೆ ಹೋಗದೇ ನಮ್ಮ ಬೀದಿಗೇ ಬಂದಿರೋವು. ಪೇಂಟ್‌ಬಾಲ್ ಮೈದಾನದಲ್ಲಿ ಒಬ್ಬ ಸಿಬ್ಬಂದಿಯಾದ್ರೂ ಇರ್ತಾನೆ, ನಮ್ಮ ಬೀದೀಲಿ ಅದೂ ಇಲ್ಲ.

ಹಾಗಾಗಿ ನನ್ನ ಮೆಟ್ಟಿಲು ಹಿಂಗಿದೆ. ಐದರಿಂದ ಏಳು ವರ್ಷ: ಪೇಂಟ್‌ಬಾಲ್ ಆಟ ಬೇಡ. ಲೇಸರ್ ಟ್ಯಾಗ್ ಆಡ್ಲಿ. ಅದರಲ್ಲಿ ಬೆಳಕು ಬಿಟ್ರೆ ಏನೂ ಹಾರಲ್ಲ, ಅಡಗೋದು ಓಡೋದು ಎಲ್ಲ ಅದೇ. ಎಂಟು, ಒಂಬತ್ತು: ಮಾಸ್ಕ್ ಹಾಕ್ಕೊಂಡು ಬರೀ ಗುರಿಗೆ ಹೊಡೀಲಿ. ಡಬ್ಬ, ಹಲಗೆ, ಅಪ್ಪನ ಹೆಸರು ಬರೆದ ಗೊಂಬೆ, ಏನಾದ್ರೂ ಆಗ್ಬಹುದು. ಅದು ಖುಷಿ ಕೊಟ್ರೆ, ಸಣ್ಣ ಗುಂಡಿನ ಆಟ, ಅದೇ ವಯಸ್ಸಿನ ಮಕ್ಕಳ ಜೊತೆ ಮಾತ್ರ. ಹನ್ನೆರಡರ ಆಸುಪಾಸು: ದೊಡ್ಡ ಗುಂಡಿನ ಬಗ್ಗೆ ಮಗುನೇ ಕೂರಿಸ್ಕೊಂಡು ಮಾತಾಡಿ ತೀರ್ಮಾನ ಮಾಡಿ. ಶಿರಾಳಕೊಪ್ಪದ ಆ ತಾಯಿಗೆ ನನ್ನ ಉತ್ತರ ಇದೇ: ಏಳು ವರ್ಷಕ್ಕೆ ಈ ವರ್ಷ ಲೇಸರ್ ಟ್ಯಾಗ್ ಸಾಕು. ಅವನು ಕೂಗಾಡಬಹುದು. ಕೂಗಾಡ್ಲಿ.

ಕನ್ನಡಕ ಹಾಕೋ ಮಗು ಆದ್ರೆ ಕನ್ನಡಕದ ಮೇಲೆ ಕೂರೋವಂಥ ಮಾಸ್ಕ್ ಇದೆಯಾ ಅಂತ ಮೊದ್ಲೇ ಫೋನ್ ಮಾಡಿ ಕೇಳಿ. ಒಂದು ಕಣ್ಣಿನ ದೃಷ್ಟಿ ಮೊದ್ಲೇ ಕಡಿಮೆ ಇದ್ರೆ, ಕಣ್ಣಿನ ಡಾಕ್ಟರನ್ನ ಕೇಳದೆ ಹೆಜ್ಜೆ ಇಡ್ಬೇಡಿ.

ಫೇಸ್ ಶೀಲ್ಡ್ ಪರೀಕ್ಷೆ

ಸೊರಬದಲ್ಲಿರೋ ನಮ್ಮಕ್ಕನ ಮಗಳಿಗೆ ಎಂಟು ವರ್ಷ ಇದ್ದಾಗ ಇದೇ ಹಟ ಶುರುವಾಗಿತ್ತು. "ಚಿಕ್ಕಿ, ನಂಗೂ ಗನ್ನು" ಅಂತ. ಅಜ್ಜಿ ಒಂದು ಕಡೆಯಿಂದ "ಹೆಣ್ಣ್ ಹುಡ್ಗಿಗ್ಯಾಕೆ ಅದು" ಅಂತ, ಭಾವ ಇನ್ನೊಂದು ಕಡೆಯಿಂದ "ಆಡ್ಲಿ ಬಿಡೆ" ಅಂತ. ಅಕ್ಕ ಮಾತ್ರ ಒಂದು ಕೆಲಸ ಮಾಡಿದ್ಲು. ಕೋವಿಡ್ ಕಾಲದ ಒಂದು ಫೇಸ್ ಶೀಲ್ಡ್ ಅಟ್ಟದ ಮೇಲೆ ಬಿದ್ದಿತ್ತು, ಅದನ್ನ ಇಳಿಸಿದ್ಲು. "ಇದನ್ನ ಹಾಕ್ಕೊಂಡು ಅಂಗಳದಲ್ಲಿ ಇಪ್ಪತ್ತು ನಿಮಿಷ ಕಣ್ಣಾಮುಚ್ಚಾಲೆ ಆಡು. ಒಂದ್ಸಲ ಎತ್ತಿದ್ರೂ ಆಟ ಮುಗೀತು, ನಾಳೆ ಮತ್ತೆ ಮೊದಲಿಂದ."

ಮೊದಲನೇ ದಿನ ನಾಲ್ಕು ನಿಮಿಷಕ್ಕೆ ಔಟ್. ಮೂಗು ಕೆರೆಯಿತು ಅಂತ ಎತ್ತಿದ್ಲು. ಎರಡನೇ ದಿನ ಬೆವರು. ಮೂರನೇ ದಿನ ಪಕ್ಕದ್ಮನೆ ಹುಡುಗ ಏನೋ ಅಂದ ಅಂತ ಜಗಳ ಆಡೋಕೆ ಎತ್ತಿದ್ಲು. ಒಂದು ವಾರ ಬೇಕಾಯ್ತು ಇಪ್ಪತ್ತು ನಿಮಿಷ ಮುಟ್ಟೋಕೆ. ಎಂಟನೇ ದಿನ ಕೆರೆತ ಬಂದಾಗ ಅವಳೇ ಕೈ ಮೇಲೆತ್ತಿ, "ಅಮ್ಮ, ನಾನು ಆಚೆ ಹೋಗ್ತೀನಿ" ಅಂತ ಹೇಳಿ, ಅಂಗಳ ದಾಟಿ ಜಗಲಿಗೆ ಬಂದು, ಆಮೇಲೆ ಶೀಲ್ಡ್ ತೆಗೆದ್ಲು. ಅಕ್ಕ ಕಾಯ್ತಾ ಇದ್ದದ್ದು ಇದಕ್ಕೆ.

ನೆನಪಿಡಿ, ಫೇಸ್ ಶೀಲ್ಡು ಪೇಂಟ್‌ಬಾಲ್ ತಡೆಯಲ್ಲ. ಅದು ಅಭ್ಯಾಸಕ್ಕೆ ಮಾತ್ರ. ಮೈದಾನದಲ್ಲಿ ಅದೂ ಬೇಡ, ಕೂಲಿಂಗ್ ಗ್ಲಾಸೂ ಬೇಡ, ಈಜೋ ಗಾಗಲ್ಸೂ ಬೇಡ, ಬೈಕ್ ಹೆಲ್ಮೆಟ್ಟೂ ಬೇಡ. ಪೇಂಟ್‌ಬಾಲ್‌ಗೇ ಅಂತ ಮಾಡಿದ ಮಾಸ್ಕೇ ಬೇಕು.

ಮಕ್ಕಳಿಗೆ ಇದನ್ನ ಅವರ ಭಾಷೇಲೇ ಹೇಳಿ. ಬಿಜಿಎಂಐ ಆಡೋ ಮಕ್ಕಳಿಗೆ ಲೆವೆಲ್ 3 ಹೆಲ್ಮೆಟ್ ಅಂದ್ರೆ ಏನು ಅಂತ ಗೊತ್ತು. "ಇದು ನಿನ್ನ ಲೆವೆಲ್ 3. ಆದ್ರೆ ಇಲ್ಲಿ ಸತ್ತ ಮೇಲೆ ಲಾಬಿಗೆ ವಾಪಸ್ ಹೋಗೋ ಆಪ್ಶನ್ ಇದೆ, ಹೋದ ಕಣ್ಣು ವಾಪಸ್ ಬರೋ ಆಪ್ಶನ್ ಇಲ್ಲ" ಅಂತ ಹೇಳಿ. ಅರ್ಥ ಆಗುತ್ತೆ.

ಮೈದಾನದಲ್ಲಿ ಐದು ಪ್ರಶ್ನೆ

ಆ ರಜೇಲಿ ನಾವು ನಾಲ್ಕು ಮನೆಯವರು ಸೇರಿ ಬೆಂಗಳೂರಿನ ಹೊರಗೆ ಒಂದು ಜಾಗಕ್ಕೆ ಹೋದ್ವಿ. ಹೆಸರು ಬೇಡ. ಅಲ್ಲಿ ಕೊಟ್ಟ ಮಾಸ್ಕಿನ ಎಲಾಸ್ಟಿಕ್ ಜೋತು ಬಿದ್ದಿತ್ತು, ಒಳಗಿನ ಸ್ಪಂಜು ಅರ್ಧ ಕಿತ್ತಿತ್ತು. ಹುಡುಗಿ ತಲೆ ಬಗ್ಗಿಸಿದ್ರೆ ಮಾಸ್ಕ್ ಮೂಗಿನ ಮೇಲೆ ಜಾರ್ತಿತ್ತು. ಬೇರೆ ಕೊಡಿ ಅಂದ್ರೆ, "ಏನೂ ಆಗಲ್ಲ ಮೇಡಂ, ದಿನಾ ಮಕ್ಕಳನ್ನ ಆಡಿಸ್ತೀವಿ" ಅಂತ ಉತ್ತರ. ಅಕ್ಕ ಆಡಿಸ್ಲಿಲ್ಲ. ಕೊಟ್ಟ ದುಡ್ಡು ವಾಪಸ್ ಬರ್ಲಿಲ್ಲ. ಹುಡುಗಿ ಕಾರಲ್ಲಿ ಅತ್ತಳು, ನಾಲ್ಕು ಮನೆಯ ಟ್ರಿಪ್ ಮೂಡೂ ಹೋಯ್ತು. ಮೂರು ದಿನ ಆದ್ಮೇಲೆ ಬೇರೆ ಕಡೆ, ಮಕ್ಕಳ ಸ್ಪ್ರಿಂಗ್ ಗನ್ ಇರೋ ಜಾಗ ಹುಡ್ಕಿ, ಬರೀ ಗುರಿಗೆ ಹೊಡ್ಸಿದ್ವಿ.

ಅವತ್ತಿಂದ ನಾನು ಇಟ್ಕೊಂಡಿರೋ ಐದು ಪ್ರಶ್ನೆ ಹೇಳ್ತೀನಿ. ಇದನ್ನ ಸ್ಕ್ರೀನ್‌ಶಾಟ್ ತಗೊಳ್ಳಿ.

ಒಂದು, ಮಕ್ಕಳ ಅಳತೆಯ ಮಾಸ್ಕ್ ಇದೆಯಾ? ಕಣ್ಣು, ಕಿವಿ, ಬಾಯಿ ಎಲ್ಲ ಮುಚ್ಚೋದಾ? ಹಾಕ್ಕೊಂಡು ತಲೆ ಜೋರಾಗಿ ಅಲ್ಲಾಡಿಸಿದ್ರೂ, ನೆಲ ನೋಡೋ ಥರ ಬಗ್ಗಿದ್ರೂ ಅಲುಗಬಾರ್ದು. ಗಾಜಲ್ಲಿ ಸಣ್ಣ ಬಿರುಕಿದ್ರೂ ಬೇಡ. ಮಾಸ್ಕಿನ ಮೇಲೆ "ಎಎಸ್‌ಟಿಎಂ ಎಫ್ 1776" ಅಂತ ಇದ್ಯಾ ನೋಡಿ, ಅದು ಪೇಂಟ್‌ಬಾಲ್ ಕಣ್ಣಿನ ರಕ್ಷಣೆಗೇ ಇರೋ ಮಾನದಂಡ. ಗಾಜು ಎರಡು ಪದರದ್ದಾದ್ರೆ ಮಂಜು ಕಟ್ಟೋದು ಕಡಿಮೆ. ಮಲೆನಾಡಿನ ಮಳೆಗಾಲದಲ್ಲಿ ಅದರ ಬೆಲೆ ಗೊತ್ತಾಗುತ್ತೆ.

ಎರಡು, ಗನ್ನಿನ ವೇಗ ಇವತ್ತು ಅಳೆದಿದೀರಾ? ಅಳೆಯೋ ಯಂತ್ರಕ್ಕೆ ಕ್ರೋನೋಗ್ರಾಫ್ ಅಂತಾರೆ. "ಅದೇನದು?" ಅಂತ ಸಿಬ್ಬಂದಿ ನಿಮ್ಮನ್ನೇ ಕೇಳಿದ್ರೆ ಉತ್ತರ ಸಿಕ್ಕಂಗಾಯ್ತು.

ಮೂರು, ಆಟ ಇಲ್ದಾಗ ಗನ್ನಿನ ನಳಿಕೆಗೆ ಚೀಲ ಹಾಕ್ತೀರಾ? ನಳಿಕೆ ತುದಿಗೆ ಕಟ್ಟೋ ಒಂದು ಬಟ್ಟೆ ಚೀಲ ಇರುತ್ತೆ. ತಪ್ಪಿ ಕುದುರೆ ಒತ್ತಿದ್ರೂ ಗುಂಡು ಅಲ್ಲೇ ನಿಲ್ಲುತ್ತೆ. ಗುಂಪಾಗಿ ನಿಂತು ಮಾತಾಡೋ ಹೊತ್ತಲ್ಲಿ ಇದೇ ಕಾಪಾಡೋದು.

ನಾಲ್ಕು, ಮಾಸ್ಕ್ ತೆಗೆಯೋ ಜಾಗ ಯಾವುದು, ಬಲೆ ಹಾಕಿ ಬೇರೆ ಮಾಡಿದೀರಾ? ಮೈದಾನದೊಳಗೆ ಆಟ ಮುಗಿದ ಮೇಲೂ ಮಾಸ್ಕ್ ತೆಗೆಯೋ ಹಂಗಿಲ್ಲ. ಬಲೆ ದಾಟಿ, ಗನ್ ಕೆಳಗಿಟ್ಟು, ಆಮೇಲೆ ತೆಗೀಬೇಕು. ನೋಡೋಕೆ ಬಂದ ಅಜ್ಜ ಅಜ್ಜಿ, ವಿಡಿಯೋ ಮಾಡೋ ಅಪ್ಪ, ಎಲ್ಲರೂ ಬಲೆ ಹಿಂದೆ. ಒಳಗೆ ಹೋಗಿ ವಿಡಿಯೋ ಮಾಡ್ಬೇಕು ಅಂದ್ರೆ ಅಪ್ಪನಿಗೂ ಮಾಸ್ಕ್.

ಐದು, ಒಳಗೆ ರೆಫರಿ ಎಷ್ಟು ಜನ, ಮಕ್ಕಳು ಯಾರ ಜೊತೆ ಆಡ್ತಾರೆ? ಎಂಟು ವರ್ಷದವಳ ಎದುರಿಗೆ ಆಫೀಸ್ ಹುಡುಗ್ರ ಗ್ಯಾಂಗ್ ಬಿಡೋ ಜಾಗ ನಮಗೆ ಬೇಡ. ಹತ್ತಿರದಿಂದ ಹೊಡೆಯೋ ಹಾಗಿಲ್ಲ, ಎದುರಾಳಿ ಹತ್ತಿರ ಸಿಕ್ಕಿಬಿದ್ರೆ "ಸರೆಂಡರ್" ಅನ್ನಿಸ್ಕೊಂಡು ಕಳಿಸ್ಬೇಕು, ಈ ನಿಯಮ ಇದೆಯಾ ಅಂತಾನೂ ಕೇಳಿ.

ಇನ್ನು ನನ್ನ ಓದಿಗೆ ಸೇರಿದ ಒಂದು ಮಾತು. ಒಳಗೆ ಬಿಡೋ ಮುಂಚೆ ಒಂದು ಫಾರಂಗೆ ಸಹಿ ಹಾಕಿಸ್ಕೊಳ್ತಾರೆ, "ಏನೇ ಆದ್ರೂ ನಾವು ಜವಾಬ್ದಾರರಲ್ಲ" ಅಂತ. ಬಿ.ಕಾಂ. ಓದಿದೋರಿಗೆ ಮೊಹೊರಿ ಬೀಬಿ ಕೇಸು ನೆನಪಿರ್ಬೇಕು. 1903ರ ಪ್ರಿವಿ ಕೌನ್ಸಿಲ್ ತೀರ್ಪು, ಅಪ್ರಾಪ್ತರು ಮಾಡ್ಕೊಂಡ ಕರಾರು ಊರ್ಜಿತ ಅಲ್ಲ. ಅಂದ್ರೆ ಮಗು ಹಾಕಿದ ಸಹಿಗೆ ಬೆಲೆ ಇಲ್ಲ. ಅದಕ್ಕೇ ಅಪ್ಪ ಅಮ್ಮನ ಸಹಿ ಕೇಳ್ತಾರೆ. ಅದನ್ನ ಓದಿ ಹಾಕಿ. ಸೇವೆಯಲ್ಲಿ ಲೋಪ ಇದ್ರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಕೊಡೋ ಹಕ್ಕು ನಿಮಗಿದೆ. ಆದ್ರೆ ಆಯೋಗ ಪರಿಹಾರ ಕೊಡಿಸಬಹುದು, ದೃಷ್ಟಿ ಕೊಡಿಸೋಕಾಗಲ್ಲ. ಪ್ರಶ್ನೆ ಕೇಳೋದು ಮೊದಲು, ದೂರು ಆಮೇಲೆ.

ವ್ಯಾಪಾರದ ಲೆಕ್ಕಾನೂ ನೋಡಿ. ಟಿಕೆಟ್ಟಿನ ಜೊತೆ ಇಷ್ಟು ಗುಂಡು ಅಂತ ಕೊಡ್ತಾರೆ, ಖಾಲಿ ಆದ್ರೆ ಮತ್ತೆ ದುಡ್ಡು. ದುಡ್ಡು ಉಳಿಸೋಕೆ ನೆಲದ ಮೇಲೆ ಬಿದ್ದಿರೋ ಗುಂಡು ಆರಿಸ್ಕೊಂಡು ತುಂಬೋ ಮಕ್ಕಳನ್ನ ನೋಡಿದೀನಿ. ಅದು ಬೇಡವೇ ಬೇಡ. ಜೆಲಾಟಿನ್ ತೇವ ಹೀರಿ ಉಬ್ಬುತ್ತೆ, ಮಣ್ಣು ಹರಳು ಅಂಟಿರುತ್ತೆ, ಗನ್ನೊಳಗೆ ಸಿಕ್ಕಿಕೊಳ್ಳುತ್ತೆ. ಸಿಕ್ಕಿಕೊಂಡ ಗನ್ನಿನ ನಳಿಕೆಗೆ ಕಣ್ಣಿಟ್ಟು ನೋಡೋದು ಮಕ್ಕಳ ಸಹಜ ಬುದ್ಧಿ. "ಗನ್ ಕೆಟ್ರೆ ಕೈ ಎತ್ತು, ಅಂಕಲ್‌ನ ಕರಿ" ಅಂತ ಮೊದ್ಲೇ ಹೇಳಿಕೊಡಿ. ಸಿಲಿಂಡರ್ ಇರೋ ಗನ್ ಆದ್ರೆ ಅದರ ತಿರುಪಿಗೆ ಮಕ್ಕಳು ಕೈ ಹಾಕೋ ಹಂಗೇ ಇಲ್ಲ.

ಬಟ್ಟೆ ವಿಷಯ ಬೇಗ ಹೇಳಿ ಮುಗಿಸ್ತೀನಿ. ಉದ್ದ ತೋಳಿನ ಎರಡು ಅಂಗಿ, ದಪ್ಪ ಪ್ಯಾಂಟು, ಕುತ್ತಿಗೆಗೆ ಟವೆಲ್, ಕೈಗೆ ಗ್ಲೌಸು, ಶೂ. ಚಪ್ಪಲಿ ಬೇಡ. ಹುಡುಗ್ರಿಗೆ ಕ್ರಿಕೆಟ್ ಗಾರ್ಡ್ ಹಾಕ್ಸಿ, ನಾಚಿಕೆ ಏನಿಲ್ಲ. ನೀರು ಕುಡಿಸಿ, ಇಪ್ಪತ್ತು ನಿಮಿಷಕ್ಕೊಂದು ಸಲ ಬಲೆ ಆಚೆ ಕರ್ಕೊಂಡು ಬಂದು ಮುಖ ಒರೆಸಿ.

ಮಗು "ಸಾಕು" ಅಂದ್ರೆ

ಆಟದ ಮುಂಚೆ ಮಗು ಜೊತೆ ಒಂದು ಒಪ್ಪಂದ ಮಾಡ್ಕೊಳ್ಳಿ. ಕೈ ಮೇಲೆತ್ತಿ "ಸಾಕು" ಅಂದ್ರೆ ಸಾಕು. ಯಾಕೆ ಅಂತ ಕೇಳಲ್ಲ, ನಗಲ್ಲ, ದುಡ್ಡು ದಂಡ ಆಯ್ತು ಅನ್ನಲ್ಲ. "ಇಷ್ಟಕ್ಕೆಲ್ಲ ಅಳ್ತೀಯಾ, ಗಂಡ್ಸಲ್ವಾ ನೀನು" ಅನ್ನೋ ಮಾತಂತೂ ಬಾಯಿಗೆ ಬರಬಾರ್ದು. ಆ ಮಾತಿಗೆ ಹೆದರಿದ ಮಗು ಮಾಸ್ಕ್ ಸಡಿಲ ಆದ್ರೂ ಹೇಳಲ್ಲ, ಏಟು ಬಿದ್ರೂ ಹೇಳಲ್ಲ. ಹೇಳದೇ ಇರೋದೇ ನಮಗೆ ದೊಡ್ಡ ಅಪಾಯ.

ಅದ್ಯಾಕೆ ಅಂದ್ರೆ, ಕಣ್ಣಿನ ಏಟಿನಲ್ಲಿ ಹೊತ್ತು ಬಹಳ ಮುಖ್ಯ. ಜಾತ್ರೆ ಪಿಸ್ತೂಲೇ ಆಗ್ಲಿ, ದೀಪಾವಳಿ ಪಟಾಕಿನೇ ಆಗ್ಲಿ, ನಮ್ಮೂರಲ್ಲೇ ಏಟು ಬಿತ್ತು ಅನ್ಕೊಳ್ಳಿ. ಶಿಕಾರಿಪುರದಿಂದ ಶಿವಮೊಗ್ಗಕ್ಕೆ ಐವತ್ತು ಕಿಲೋಮೀಟರ್ ಮೇಲೆ, ಸೊರಬದಿಂದ ಇನ್ನೂ ದೂರ. ಕಣ್ಣಿನ ದೊಡ್ಡ ಶಸ್ತ್ರಚಿಕಿತ್ಸೆ ಆಗ್ಬೇಕು ಅಂದ್ರೆ ಮೆಗ್ಗಾನ್ ಆಸ್ಪತ್ರೆಗೋ, ಶಂಕರ ಕಣ್ಣಿನ ಆಸ್ಪತ್ರೆಗೋ, ಬೆಂಗಳೂರಿನ ಮಿಂಟೋಗೋ ಹೋಗ್ಬೇಕು. ರಾತ್ರಿ ಹೊತ್ತಲ್ಲಿ ಎರಡು ಗಂಟೆ ದಾರಿ ಅಂದ್ರೆ ಏನು ಅಂತ ನಮಗೆ ಗೊತ್ತು. ಹಾಗಾಗಿ ಮನೇಲಿ ಹೊತ್ತು ಕಳೆಯೋ ಹಂಗಿಲ್ಲ.

ಕಣ್ಣಿಗೆ ನೇರ ಏಟು ಬಿದ್ರೆ: ಉಜ್ಜಬೇಡಿ, ಒತ್ತಬೇಡಿ, ಬಿಗಿಯಾಗಿ ಕಟ್ಟಬೇಡಿ. ಪೇಪರ್ ಲೋಟದ ತಳ ಕತ್ತರಿಸಿ, ಅದನ್ನ ಕಣ್ಣಿನ ಸುತ್ತಲಿನ ಮೂಳೆ ಮೇಲೆ ಕೂರೋ ಹಾಗೆ ಇಟ್ಟು ಟೇಪ್ ಹಾಕಿ, ಕಣ್ಣಿಗೆ ಏನೂ ತಾಗಬಾರ್ದು. ತಲೆ ಎತ್ತರಕ್ಕಿಟ್ಟು ಕೂರಿಸ್ಕೊಂಡು ಹೊರಡಿ. ಡಾಕ್ಟರ್ ಹೇಳದೆ ಕಣ್ಣಿಗೆ ಡ್ರಾಪ್ಸೂ ಬೇಡ, ನೋವಿನ ಮಾತ್ರೆನೂ ಬೇಡ. ಹರಳೆಣ್ಣೆ, ತಾಯಿ ಹಾಲು, ನಂದಿಬಟ್ಟಲ ಹೂವಿನ ರಸ, ಇವು ಯಾವ್ದೂ ಬೇಡ. ಅಜ್ಜಿಯಂದಿರ ಮೇಲೆ ಗೌರವ ಇಟ್ಕೊಂಡೇ ಹೇಳ್ತಿದೀನಿ. "ನೋವು ಕಮ್ಮಿ ಆಯ್ತು" ಅಂದ್ರೂ ಅದೇ ದಿನ ತೋರಿಸಿ. ಒಳಗೆ ರೆಟಿನಾ ಕಿತ್ತಿದ್ರೆ ನೋವೇ ಇಲ್ದಿರಬಹುದು. ಏಟು ಇಲ್ದೆ ಬರೀ ಬಣ್ಣ ಸಿಡಿದಿದ್ರೆ ಮಾತ್ರ ಚೊಕ್ಕ ನೀರಲ್ಲಿ ತೊಳೀಬಹುದು. ಆಮೇಲೂ ಉರಿ ಇದ್ರೆ, ಮಂಜು ಕಂಡ್ರೆ ಡಾಕ್ಟರ್ ಹತ್ರ ಹೋಗಿ.

ಒಂದೂ ಗುಂಡು ಹಾರಿಸದೆ ಗೆದ್ದವನು

ಕೊನೆಗೆ ಮಕ್ಕಳಿಗೆ ಹೇಳೋಕೆ ಒಂದು ಕಥೆ. ನಿಜ ಕಥೆ.

ಈ ಗನ್ನು ಹುಟ್ಟಿದ್ದು ಆಟಕ್ಕಲ್ಲ. ಕಾಡಲ್ಲಿ ಯಾವ ಮರ ಕಡೀಬೇಕು ಅಂತ ದೂರದಿಂದಲೇ ಬಣ್ಣದ ಗುರುತು ಹಾಕೋಕೆ, ದನಗಳಿಗೆ ಗುರುತು ಮಾಡೋಕೆ ಅಮೆರಿಕದಲ್ಲಿ ಬಳಸ್ತಿದ್ರು. ನಮ್ಮ ಕಡೆ ಅರಣ್ಯ ಇಲಾಖೆಯವರು ಮರಕ್ಕೆ ನಂಬರ್ ಹಾಕ್ತಾರಲ್ಲ, ಅಂಥದ್ದೇ ಕೆಲಸ. ಅದರ ಹೆಸರು ನೆಲ್ಸ್‌ಪಾಟ್ 007. 1981ರ ಜೂನ್ 27ರಂದು ನ್ಯೂ ಹ್ಯಾಂಪ್‌ಶೈರ್ ರಾಜ್ಯದ ಹೆನಿಕರ್ ಅನ್ನೋ ಊರಿನ ಕಾಡಲ್ಲಿ 12 ಜನ ಸೇರಿ ಅದನ್ನ ಇಟ್ಕೊಂಡು ಮೊದಲ ಆಟ ಆಡಿದ್ರು. ಕಾಡಲ್ಲಿ ಬೇರೆ ಬೇರೆ ಕಡೆ ಇಟ್ಟಿದ್ದ ಬಾವುಟಗಳನ್ನ, ಏಟು ತಿನ್ನದೆ ತಗೊಂಡು ಬರ್ಬೇಕು. ಪೇಂಟ್‌ಬಾಲ್ ಶುರುವಾಗಿದ್ದು ಹಾಗೆ.

ಅವತ್ತು ಗೆದ್ದವನು ರಿಚೀ ವೈಟ್, ಕಾಡಿನ ಕಸುಬಿನ ಮನುಷ್ಯ. ಅವನು ಯಾರಿಗೂ ಕಾಣಿಸ್ಕೊಳ್ಳದೆ, ಮರದಿಂದ ಮರಕ್ಕೆ ಸರಿದು, ಎಲ್ಲ ಬಾವುಟ ಆರಿಸ್ಕೊಂಡು ಆಚೆ ಬಂದ. ಇಡೀ ಆಟದಲ್ಲಿ ಒಂದು ಗುಂಡೂ ಹಾರಿಸ್ಲಿಲ್ಲ.

ಗನ್ನಿಗೆ ಹಟ ಮಾಡೋ ಮಗುಗೆ ಈ ಕಥೆ ಹೇಳಿ. ಆಮೇಲೆ ಅಟ್ಟದ ಮೇಲೆ ಹಳೇ ಫೇಸ್ ಶೀಲ್ಡ್ ಇದ್ರೆ ಇಳಿಸಿ, ಅಂಗಳಕ್ಕೆ ಕಳ್ಸಿ. ಎಷ್ಟು ದಿನಕ್ಕೆ ಇಪ್ಪತ್ತು ನಿಮಿಷ ಮುಟ್ಟಿದ್ರು ಅಂತ ನಂಗೂ ವಾಯ್ಸ್ ನೋಟ್ ಮಾಡಿ. ನಿಮ್ಮೂರ ಕಡೆ ಮಕ್ಕಳ ಮಾಸ್ಕ್ ಸರಿಯಾಗಿ ಇಟ್ಕೊಂಡಿರೋ ಜಾಗ ಗೊತ್ತಿದ್ರೆ ಅದನ್ನೂ ತಿಳ್ಸಿ. ಮಕ್ಕಳಿರೋ ಮನೆಯ ವಾಟ್ಸಾಪ್ ಗ್ರೂಪಿಗೆ ಈ ಸಂಚಿಕೆ ಕಳ್ಸೋದು ಮರೀಬೇಡಿ.

ಮುಂದಿನ ವಾರ ಸಿಗೋಣ. ನಮಸ್ಕಾರ.